ದಾರದ ಗುರುತು

ಪರದೆಯ ಮೇಲೆ ಆ ಕಾಲು ಬಂದಾಗ ಗುಣವತಿ ಮೈಕನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು.

ಮಣಿಪಾಲದ ಆ ಸಭಾಂಗಣದಲ್ಲಿ ಅರವತ್ತು ಎಪ್ಪತ್ತು ನರ್ಸುಗಳಿದ್ದರು. ಸುತ್ತಮುತ್ತಲಿನ ಬೇರೆ ಬೇರೆ ಆಸ್ಪತ್ರೆಗಳಿಂದ ಬಂದವರು, ಹೆಚ್ಚಿನವರು ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಹುಡುಗಿಯರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ರಕ್ತ ತೆಗೆಯುವಾಗ ನೋವು ಕಡಿಮೆ ಮಾಡುವುದು ಹೇಗೆ, ಅಪಾಯವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಅಂದಿನ ತರಬೇತಿ. ಉಡುಪಿಯ ಒಂದು ಆಸ್ಪತ್ರೆಯ ಶಿಶು ಐಸಿಯುನಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಗುಣವತಿಗಿಂತ ಅದನ್ನು ಚೆನ್ನಾಗಿ ಹೇಳುವವರು ಯಾರಿದ್ದಾರೆ ಎಂದು ಅವಳ ಡಾಕ್ಟರೇ ಹೆಸರು ಕೊಟ್ಟಿದ್ದರು.

ಚೆನ್ನಾಗಿಯೇ ಹೇಳಿದ್ದಳು. ಹಿಮ್ಮಡಿಯ ನಡುವೆ ಚುಚ್ಚಬಾರದು, ಅಲ್ಲಿ ಎಲುಬು ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ, ಬದಿಯಲ್ಲಿ ಚುಚ್ಚಬೇಕು. ಹಿಂಡಬಾರದು. ಚುಚ್ಚುವ ಎರಡು ನಿಮಿಷ ಮೊದಲು ನಾಲಿಗೆಯ ಮೇಲೆ ಎರಡು ಹನಿ ತಾಯಿಯ ಹಾಲು, ಅದಿಲ್ಲದಿದ್ದರೆ ಸಕ್ಕರೆ ನೀರು. ಕೈಕಾಲು ಮಡಚಿ, ಹೊಟ್ಟೆಯೊಳಗೆ ಇದ್ದ ಹಾಗೆಯೇ ಹಿಡಿಯಬೇಕು. "ಅಳುವುದಿಲ್ಲ ಅಂದರೆ ನೋವಿಲ್ಲ ಅಂತ ತಿಳ್ಕೊಳ್ಬೇಡಿ. ಅಳ್ಲಿಕ್ಕೂ ಶಕ್ತಿ ಬೇಕು. ಕೆಲವಕ್ಕೆ ಅದೂ ಇಲ್ಲ" ಎಂದಾಗ ಹುಡುಗಿಯರು ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದ್ದರು.

ಕೊನೆಯ ಆ ಚಿತ್ರವನ್ನು ಸೇರಿಸಿದ್ದು ಡಾಕ್ಟರು. ಹೆಬ್ಬೆರಳಿಗಿಂತ ತುಸು ಉದ್ದದ ಒಂದು ಪಾದ. ಕಣಕಾಲಿನ ಸುತ್ತ ಒಳಗೆ ಇಳಿದ ಒಂದು ಗೆರೆ. ಗೆರೆಯ ಕೆಳಗೆ ಎಲ್ಲವೂ ನೇರಳೆ ಬಣ್ಣ, ತುದಿಯಲ್ಲಿ ಮೂರು ಬೆರಳು ಇದ್ದಿಲಿನ ಹಾಗೆ. ಸಂಬಂಧಿಕರು ಕಟ್ಟಿದ ಕಪ್ಪು ದಾರದಿಂದ ಆದ ಗಾಯ ಎಂದು ಕೆಳಗೆ ಬರೆದಿತ್ತು. ಗುಣವತಿ ಅದನ್ನು ಓದಿದಳು. ಓದಿ, "ಹಾಗಾಗಿ ದಾರ, ಬಳೆ, ಎಂತದನ್ನೂ ಮಗುವಿನ ಮೈಮೇಲೆ ಬಿಡ್ಲಿಕ್ಕಿಲ್ಲ" ಎಂದಳು. ಚಪ್ಪಾಳೆ ಬಿತ್ತು. ಒಂದು ಹೂವಿನ ಗಿಡ ಕೊಟ್ಟು ಫೋಟೋ ತೆಗೆದರು.

ಉಡುಪಿಗೆ ಇಳಿಯುವ ಬಸ್ಸಿನಲ್ಲಿ ಗ್ಲೋರಿಯಾ ಅವಳ ಪಕ್ಕದಲ್ಲಿ ಕುಳಿತಳು. ಹೂಡೆಯ ಹುಡುಗಿ, ಅದೇ ಐಸಿಯುನಲ್ಲಿ ಎರಡನೆಯ ವರ್ಷ. ಎಲ್ಲಿ ಹೋದರೂ ಹಿಂದೆಯೇ ಬರುತ್ತಾಳೆಂದು ಉಳಿದವರು ಅವಳನ್ನು ಗುಣಕ್ಕನ ಬಾಲ ಎಂದು ಕೆಣಕುತ್ತಿದ್ದರು. ಗಿಡವನ್ನು ಅವಳೇ ತೊಡೆಯ ಮೇಲಿಟ್ಟುಕೊಂಡಳು.

"ಗುಣಕ್ಕ, ಒಂದು ಕೇಳ್ಲಾ? ಆ ಗೆರೆ ಅಷ್ಟು ಅಗಲ ಹೇಗಾಯ್ತು? ದಾರ ಅಂದ್ರೆ ಸಪೂರ ಉಂಟಲ್ವಾ."

"ಎರಡು ಮೂರು ಸುತ್ತು ಕಟ್ಟಿದ್ರು" ಎಂದಳು ಗುಣವತಿ. ಈ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

"ಹೌದಾ. ನಾನು ನಮ್ಮ ರಿಂಗ್ ಅಂತ ಎಣಿಸಿದೆ. ಅದರಷ್ಟೇ ಅಗಲ ಉಂಟು." ಗ್ಲೋರಿಯಾ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ, "ನಿನ್ನೆ ನಾನು ಒಂದು ಪಾಪುವಿನ ಕಾಲಲ್ಲಿ ರಿಂಗ್ ಬಿಟ್ಟಿದ್ದೆ ಗುಣಕ್ಕ. ಬಾಗಿಲಿನವರೆಗೆ ಹೋದ ಮೇಲೆ ನೆನಪಾಯ್ತು. ಓಡಿ ಬಂದು ತೆಗೆದೆ. ಯಾರಿಗೂ ಹೇಳ್ಲಿಲ್ಲ. ದಾರ ಉಂಟಾ ಅಂತ ನಾವು ದಿನಕ್ಕೆ ಮೂರು ಸಲ ನೋಡ್ತೇವೆ. ರಿಂಗ್ ಯಾರು ನೋಡ್ತಾರೆ?"

ಉಡುಪಿ ಬಂತು. "ಗಿಡ ಬೇಡ್ವಾ ಗುಣಕ್ಕ?" ಎಂದು ಗ್ಲೋರಿಯಾ ಕೂಗಿದಾಗ, ನೀನೇ ಇಟ್ಟುಕೋ ಎಂದು ಕೈಬೀಸಿ ಕಾಪುವಿನ ಬಸ್ಸು ಹತ್ತಿದಳು.

ರಿಂಗ್ ಎಂದರೆ ಯಾವ ಪೆಟ್ಟಿಗೆಯಲ್ಲೂ ಬರುವ ವಸ್ತುವಲ್ಲ. ರಕ್ತನಾಳ ಉಬ್ಬಿ ಕಾಣಲು ದೊಡ್ಡವರ ತೋಳಿಗೆ ಕಟ್ಟುವ ಪಟ್ಟಿ ಒಂದು ಕಿಲೋ ತೂಕದ ಶಿಶುವಿಗೆ ಹೊದಿಕೆಯಷ್ಟಾಗುತ್ತದೆ. ಹಾಗಾಗಿ ರಬ್ಬರ್ ಗ್ಲೌಸಿನ ಬಾಯಿಯ ಸುತ್ತ ಇರುವ ದಪ್ಪ ಅಂಚನ್ನು ಕತ್ತರಿಸಿ ತೆಗೆದು, ಬಳೆಯಂತಾದ ಅದನ್ನು ಸಣ್ಣ ಕಾಲಿಗೆ ಸುತ್ತುತ್ತಿದ್ದರು. ಹದವಾಗಿ ಹಿಡಿಯುತ್ತದೆ, ಚರ್ಮ ತರಚುವುದಿಲ್ಲ, ಕೆಲಸ ಮುಗಿದರೆ ಬಿಸಾಡಬಹುದು. ಬಣ್ಣವೂ ಚರ್ಮದ್ದೇ. ವಾರ್ಡಿಗೆ ಈ ಉಪಾಯ ತಂದವಳು ಗುಣವತಿ. ಹೊಸಬರಿಗೆಲ್ಲ ಕಲಿಸಿದವಳೂ ಅವಳೇ. ಎರಡು ಸಲ ಚುಚ್ಚಿ ಸೋತ ಡಾಕ್ಟರುಗಳು ಬೆವರು ಒರೆಸಿಕೊಂಡು, ಗುಣಕ್ಕನನ್ನು ಕರೆಯಿರಿ ಎನ್ನುತ್ತಿದ್ದರು. ಅವಳು ಬಂದರೆ ಒಂದೇ ಚುಚ್ಚು.

ಹೋದ ಮೇ ತಿಂಗಳಲ್ಲಿ ಸವಿತಾಳ ಮಗು ಬಂದದ್ದು. ಏಳು ತಿಂಗಳಿಗೇ ಹುಟ್ಟಿತ್ತು, ಒಂದು ಕಿಲೋ ನೂರೈವತ್ತು ಗ್ರಾಂ. ಸವಿತಾ, ಗಂಡ ಮಾನಪ್ಪ, ಅತ್ತೆ ರಾಚವ್ವ ಮೂವರೂ ಕುಷ್ಟಗಿಯ ಕಡೆಯವರು. ಮಾನಪ್ಪನಿಗೆ ಆಗ ಕಟಪಾಡಿಯಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸ. ತಾಯಿಯನ್ನು ಬಿಟ್ಟು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ರಾಚವ್ವ ದಿನವಿಡೀ ಗಾಜಿಗೆ ಹಣೆ ಒತ್ತಿ ಹೊರಗೆ ನಿಂತಿರುತ್ತಿದ್ದಳು. ಒರೆಸುವವರು ಆ ಗಾಜಿನ ಮೇಲಿನ ಎಣ್ಣೆಯ ಕಲೆ ನೋಡಿ ಗೊಣಗುತ್ತಿದ್ದರು.

ಎಂಟನೆಯ ದಿನ ಮಗುವಿನ ಬಲಗಾಲಿನಲ್ಲಿ ಕಪ್ಪು ದಾರ ಕಂಡಿತು.

"ಎಂತ ಇದು?"

ಸವಿತಾ ಹಾಲಿನ ಬಟ್ಟಲು ಹಿಡಿದು ನಿಂತಿದ್ದಳು. "ಅತ್ತಿ ಕೊಟ್ಟಾರ್ರೀ ಅಕ್ಕಾರ. ಊರಾಗಿಂದ ಮಂತ್ರಿಸಿ ತರಿಸ್ಯಾರ. ಕೂಸಿಗೆ ದಿನಾ ಸೂಜಿ ಚುಚ್ಚೂದು ನೋಡಿ, ಯಾರದೋ ಕಣ್ಣು ಬಿದ್ದೈತಿ ಅಂತಾರ್ರೀ."

"ಕಾಲು ಊದಿದ್ರೆ ಇದು ಬಿಗಿಯಾಗ್ತದೆ ಮಾರಾಯ್ತಿ. ಇರ್ಲಿಕ್ಕಿಲ್ಲ." ಗುಣವತಿ ಉಗುರಿನ ತುದಿಯಲ್ಲಿ ಗಂಟು ಬಿಡಿಸಿ ದಾರವನ್ನು ಸವಿತಾಳ ಅಂಗೈಯಲ್ಲಿಟ್ಟಳು. ಕಸಕ್ಕೆ ಹಾಕಲು ಮನಸ್ಸು ಬಂದಿರಲಿಲ್ಲ. ದಾರಕ್ಕೆ ಕೈಮುಗಿಯುವ ಮನೆಯಲ್ಲಿಯೇ ಅವಳೂ ಬೆಳೆದವಳು.

ಸವಿತಾ ಅದನ್ನು ರವಿಕೆಯೊಳಗೆ ತುರುಕಿಕೊಂಡಳು. "ಅತ್ತಿಗೆ ಹೇಳಬ್ಯಾಡ್ರೀ. ಕಾಲಾಗ ಐತಿ ಅಂತ ಹೇಳ್ತೀನಿ. ಇಲ್ಲಾಂದ್ರ ನನ್ನ ಜೀವಾ ತಿಂತಾರ."

"ನಿನ್ನ ಅತ್ತೆಯ ಹತ್ತಿರ ನನಗೆ ಎಂತ ಮಾತುಂಟು?" ಎಂದು ಗುಣವತಿ ನಕ್ಕಿದ್ದಳು.

ಅದಾಗಿ ಎರಡು ದಿನಕ್ಕೆ ಮಗು ಮಂಕಾಯಿತು. ರಕ್ತ ಪರೀಕ್ಷೆಗೆ ಬರೆದರು. ಏಳು ಶಿಶುಗಳಿಗೆ ಇಬ್ಬರು ನರ್ಸುಗಳಿರಬೇಕಾದ ಕಡೆ ಅಂದು ಗುಣವತಿ ಒಬ್ಬಳೇ. ಬೆಳಿಗ್ಗೆ ತೆಗೆದ ರಕ್ತ ಹೆಪ್ಪುಗಟ್ಟಿದೆ, ಮತ್ತೆ ಕಳಿಸಿ ಎಂದು ಲ್ಯಾಬಿನಿಂದ ಫೋನು ಬಂತು. ಅಷ್ಟು ಸಣ್ಣ ಮೈಯಲ್ಲಿ ಒಟ್ಟು ಇರುವುದೇ ಅರ್ಧ ಲೋಟ ರಕ್ತ, ಅದರಲ್ಲಿ ಎರಡನೆಯ ಸಲ ತೆಗೆಯಬೇಕು. ಬೇಸರದಿಂದಲೇ ಗ್ಲೌಸು ಕತ್ತರಿಸಿದಳು. ಸಕ್ಕರೆ ನೀರಿನ ಹನಿ ಹಾಕಿ, ಎರಡು ನಿಮಿಷ ಕಾದು, ಬಲಗಾಲಿಗೆ ರಿಂಗ್ ಸುತ್ತಿ, ಪಾದದ ಮೇಲಿನ ನೂಲಿನಂಥ ನಾಳಕ್ಕೆ ಸೂಜಿ ಇಟ್ಟಳು. ಒಂದೇ ಚುಚ್ಚು. ರಕ್ತ ತೆಗೆದು, ಹತ್ತಿ ಒತ್ತಿ, ಅದು ಜಾರದಂತೆ ಮೇಲೆ ಬಟ್ಟೆಯ ಪಟ್ಟಿ ಸುತ್ತುವಾಗಲೇ ಪಕ್ಕದ ಮಗು ಉಸಿರು ನಿಲ್ಲಿಸಿ ಯಂತ್ರ ಕೂಗಿತು. ಅವಳು ಅತ್ತ ಓಡಿದಳು. ಆ ಮಗು ಬದುಕಿತು. ಅದನ್ನು ಬದುಕಿಸಿದ್ದೂ ಅವಳೇ, ಆದರೆ ಆ ದಿನದ ವಿಷಯದಲ್ಲಿ ಅದನ್ನು ನೆನೆಸಿಕೊಳ್ಳಲು ಅವಳಿಗೆ ಇಂದಿಗೂ ಆಗುವುದಿಲ್ಲ.

ಮಧ್ಯಾಹ್ನವೆಲ್ಲ ಸವಿತಾಳ ಮಗು ಮುಲುಗುತ್ತಿತ್ತು. ಬೆಕ್ಕಿನ ಮರಿ ಎಲ್ಲೋ ಗೋಡೆಯ ಆಚೆ ಇದ್ದ ಹಾಗೆ. ಪಾಪ, ಎರಡು ಸಲ ಚುಚ್ಚಿಸಿಕೊಂಡಿದೆ ಎಂದು ಗುಣವತಿ ಸಕ್ಕರೆ ನೀರು ಹಾಕಿದಳು. ಸುಮ್ಮನಾಯಿತು. ಅರ್ಧ ಗಂಟೆಗೆ ಮತ್ತೆ ಮುಲುಗಿತು, ಮತ್ತೆ ಹಾಕಿದಳು. ಮೂರನೆಯ ಸಲವೂ ಹಾಕಿದಳು. ಸಕ್ಕರೆ ನೀರು ನೋವನ್ನು ಮರೆಸುತ್ತದೆ, ನೋವು ಎಲ್ಲಿ ಎಂದು ಹೇಳುವುದಿಲ್ಲ. ನಾಲಿಗೆ ಚಪ್ಪರಿಸುತ್ತಾ ಮಲಗಿದ ಮಗುವಿನ ಮುಖ ನೋಡಿ ತನ್ನ ಕೈಗುಣದ ಬಗ್ಗೆ ಅವಳಿಗೆ ಸಣ್ಣ ಹೆಮ್ಮೆಯೂ ಆಗಿತ್ತು.

ಸಂಜೆ ಐದಕ್ಕೆ ಬಟ್ಟೆ ಬದಲಾಯಿಸುವಾಗ ಪಟ್ಟಿ ಬಿಚ್ಚಿದಳು. ಪಾದ ಶಾಯಿಯಲ್ಲಿ ಅದ್ದಿದಂತಿತ್ತು. ಕಣಕಾಲಿನ ಮಾಂಸದೊಳಗೆ ರಿಂಗ್ ಹೂತುಹೋಗಿತ್ತು. ಕತ್ತರಿಯ ತುದಿ ಒಳಗೆ ತೂರಿಸಲು ಎರಡು ಸಲ ಬೇಕಾಯಿತು. ಕತ್ತರಿಸಿದ ತುಂಡನ್ನು ಕಸದ ಕೆಂಪು ಡಬ್ಬಿಗೆ ಹಾಕಿ ಡಾಕ್ಟರನ್ನು ಕರೆದಳು.

"ಏನಿದು ಗೆರೆ? ದಾರವಾ?" ಎಂದರು ಡಾಕ್ಟರು.

"ಹೌದು ಡಾಕ್ಟ್ರೇ. ಕಪ್ಪು ದಾರ. ಈಗ ಕತ್ತರಿಸಿದೆ."

ಯೋಚನೆ ಮಾಡಿ ಹೇಳಿದ್ದಲ್ಲ. ಬಾಗಿಲ ಹಿಂದೆ ನಿಂತಿದ್ದವರ ಹಾಗೆ ಮಾತು ತಾನೇ ಹೊರಗೆ ಬಂತು.

ಡಾಕ್ಟರು ಹೊರಗೆ ಹೋಗಿ ಕೂಗಾಡಿದರು. ಯಾರು ಕಟ್ಟಿದ್ದು, ಬುದ್ಧಿ ಉಂಟಾ ನಿಮಗೆ, ಕಾಲು ಹೋಗ್ತದೆ ಮಗುವಿನದ್ದು. ರಾಚವ್ವ ಒಂದು ಕ್ಷಣ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ಅದೇ ಕೈಗಳಿಂದ ತನ್ನ ಕೆನ್ನೆಗೆ ರಪರಪನೆ ಹೊಡೆದುಕೊಳ್ಳತೊಡಗಿದಳು. ಹಿಡಿಯಲು ಹೋದ ಮಾನಪ್ಪ ಕಾರಣ ತಿಳಿದ ಮೇಲೆ ತಾಯಿಯನ್ನು ಹಿಡಿಯಲಿಲ್ಲ. ಹಾಲಿನ ಬಟ್ಟಲು ಹಿಡಿದ ಸವಿತಾ ಗಾಜಿನ ಮೂಲಕ ಗುಣವತಿಯನ್ನು ನೋಡಿದಳು. ಒಂದೇ ಸಲ. ಈಗ ಹೇಳುತ್ತಾಳೆ, ಈಗ ರವಿಕೆಯೊಳಗಿಂದ ದಾರ ತೆಗೆದು ತೋರಿಸುತ್ತಾಳೆ ಎಂದು ಗುಣವತಿ ಕಾದಳು. ಸವಿತಾ ತಲೆ ತಗ್ಗಿಸಿದಳು.

ಹದಿನೈದು ದಿನದಲ್ಲಿ ಮೂರು ಬೆರಳು ಒಣಗಿ ಉದುರಿದವು. ಮಗು ಉಳಿಯಿತು. ಮುತ್ತುರಾಜ ಎಂದು ಹೆಸರಿಟ್ಟು ಐವತ್ತು ದಿನದ ಮೇಲೆ ಮನೆಗೆ ಕರೆದುಕೊಂಡು ಹೋದರು.

ನವೆಂಬರಿನಲ್ಲಿ ತೂಕ ನೋಡಿಸಲು ಸವಿತಾ ಒಬ್ಬಳೇ ಬಂದಿದ್ದಳು. ಮಾನಪ್ಪನಿಗೆ ಈಗ ಬಜಗೋಳಿಯಲ್ಲಿ ಕೆಲಸವಂತೆ, ಅಲ್ಲಿಯೇ ಶೆಡ್ಡು ಹಾಕಿಕೊಂಡಿದ್ದಾರಂತೆ. ಅತ್ತೆ ಹೇಗಿದ್ದಾರೆ ಎಂದು ಗುಣವತಿ ಕೇಳಬಾರದಿತ್ತು, ಕೇಳಿದಳು. "ಅದಾರ್ರೀ. ಕೂಸಿನ್ನ ಮುಟ್ಟಂಗಿಲ್ಲ. ಮುಟ್ಟಬ್ಯಾಡ ಅಂತ ಇವರು ಒಮ್ಮೆ ಅಂದ್ರು. ಅಂದಿನಿಂದ ಅತ್ತೀನೂ ಕೈ ಹಚ್ಚಿಲ್ಲ. ಅಳೂ ಕೂಸಿನ ಮುಂದ ಕೈ ಹಿಂದಕ್ಕ ಕಟ್ಟಿ ಕುಂದರ್ತಾರ್ರೀ." ಇಷ್ಟು ಹೇಳಿ ಸವಿತಾ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದಳು.

ಮಣಿಪಾಲದಿಂದ ಬಂದ ಸಂಜೆ ಗುಣವತಿ ಗಂಡ ಭುಜಂಗನಿಗೆ ಎಲ್ಲವನ್ನೂ ಹೇಳಿದಳು. ಹದಿನೆಂಟು ವರ್ಷ ಮಸ್ಕತ್ತಿನಲ್ಲಿದ್ದು ಬಂದ ಭುಜಂಗ ಕಟಪಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಜಗಲಿಯಲ್ಲಿ ಕುಳಿತು ಉಗುರು ಕತ್ತರಿಸುತ್ತಾ ಕೇಳಿದ.

"ಈಗ ಎಂತ ಮಾಡ್ಬೇಕು ಅಂತ ನೀನು?"

"ಆ ಮುದುಕಿಗೆ ಹೇಳ್ಬೇಕು. ನಿಮ್ಮಿಂದ ಆದದ್ದಲ್ಲ ಅಂತ."

"ಹೇಳಿದ್ರೆ ಆ ಮಗುವಿಗೆ ಬೆರಳು ಬರ್ತದಾ?"

"ಬೆರಳು ಬರುವುದಿಲ್ಲ. ಅವರು ಮಗುವನ್ನು ಎತ್ತಿಕೊಳ್ಳಬಹುದು."

"ಎರಡು ವರ್ಷ ಉಂಟು ನಿನ್ನ ರಿಟೈರ್‌ಮೆಂಟಿಗೆ. ಪೇಪರಿನಲ್ಲಿ ಫೋಟೋ ಬರಿಸ್ಲಿಕ್ಕೆ ಇಷ್ಟು ಅವಸರ ಎಂತಕ್ಕೆ ಮಾರಾಯ್ತಿ?" ಅವನು ಇನ್ನೊಂದು ಕಾಲು ಮಡಚಿದ. "ಮಸ್ಕತ್ತಿನಲ್ಲಿ ನಾನು ಎಷ್ಟು ಸಲ ಹೀಗೆ ಬದುಕಿಕೊಂಡಿದ್ದೇನೆ ಗೊತ್ತುಂಟಾ ನಿಂಗೆ? ನನ್ನ ತಪ್ಪು ಇನ್ನೊಬ್ಬನ ತಲೆಗೆ ಹೋಗಿದೆ, ಇನ್ನೊಬ್ಬಂದು ನನ್ನ ತಲೆಗೆ ಬಂದಿದೆ. ಯಾರೂ ಸತ್ತಿಲ್ಲ."

ಅವನು ಕೆಟ್ಟವನಲ್ಲ. ಅವಳ ಮೇಲಿನ ಕಾಳಜಿಯಿಂದಲೇ ಹೇಳಿದ. ಅದೇ ಅವಳಿಗೆ ಹೆಚ್ಚು ಕಹಿಯಾಯಿತು. ಇಷ್ಟು ತಿಂಗಳು ಅವಳು ತನಗೆ ತಾನೇ ಹೇಳಿಕೊಂಡು ಬಂದ ಮಾತೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಗಂಡನ ಬಾಯಲ್ಲಿ ಕೇಳಿದಾಗ ಮಾತ್ರ ಅದು ಹೀಗೆ ಕೇಳಿಸುತ್ತದೆಯೇ ಎಂದು ನಾಚಿಕೆಯಾಯಿತು.

ಭಾನುವಾರ ಪಡುಬಿದ್ರಿಗೆ ಹೋಗಿ ಅಲ್ಲಿಂದ ಕಾರ್ಕಳದ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಳು. ಕೆಲಸದ ಒತ್ತಡವಿತ್ತು, ಒಬ್ಬಳೇ ಇದ್ದೆ, ಪಕ್ಕದ ಮಗು ಉಸಿರು ನಿಲ್ಲಿಸಿತ್ತು. ಬೆಳ್ಮಣ್ಣು ದಾಟುವಷ್ಟರಲ್ಲಿ ಒಂದೊಂದಾಗಿ ತೆಗೆದುಹಾಕಿದಳು. ಕಾರ್ಕಳದಲ್ಲಿ ಬಸ್ಸು ಬದಲಾಯಿಸುವಾಗ ಉಳಿದದ್ದು ನಾನೇ ಮಾಡಿದ್ದು ಎಂಬುದೊಂದೇ. ಅಷ್ಟನ್ನು ಹೇಳಲು ಇಷ್ಟು ದೂರವೇ ಎನಿಸಿತು. ಮಗುವಿಗೆ ಒಂದು ಅಂಗಿ, ರಾಚವ್ವನಿಗೆ ಕಿತ್ತಳೆ ಕೊಂಡಳು. ಕೊಂಡ ಮೇಲೆ ಅಪರಾಧಕ್ಕೆ ಕಿತ್ತಳೆ ಕೊಡುವಂತಾಯಿತಲ್ಲ ಎಂದು ಕಿತ್ತಳೆಯನ್ನು ಬಸ್ಸಿನ ಸೀಟಿನಲ್ಲಿಯೇ ಬಿಟ್ಟು ಇಳಿದಳು.

ಬಜಗೋಳಿಯ ಪೇಟೆ ದಾಟಿ ಸ್ವಲ್ಪ ಮುಂದೆ ಕಟ್ಟಡವೊಂದು ಏಳುತ್ತಿತ್ತು. ಪಕ್ಕದಲ್ಲಿ ತಗಡಿನ ಶೆಡ್ಡುಗಳು. ಮಾನಪ್ಪ ಇರಲಿಲ್ಲ, ಇನ್ನೊಂದು ಕಡೆ ಸ್ಲ್ಯಾಬ್ ಹಾಕುತ್ತಿದ್ದಾರೆಂದು ಹೋಗಿದ್ದ. ಸವಿತಾ ಬಾಗಿಲಲ್ಲಿ ಅವಳನ್ನು ನೋಡಿ ಒಂದು ಗಳಿಗೆ ಅಲ್ಲಾಡಲಿಲ್ಲ. ಒಳಗಿನಿಂದ ರಾಚವ್ವನೇ, "ಯಾರವಾ? ಅಯ್ಯ, ದವಾಖಾನಿ ಅಕ್ಕಾರ! ಬರ್ರೀ, ಕುಂದರ್ರೀ" ಎಂದು ಚಾಪೆ ಹಾಸಿದಳು.

ಎಂಟು ತಿಂಗಳಾದ ಮುತ್ತುರಾಜ ಗೋಣಿಯ ಮೇಲೆ ಹಾಸಿದ ಸೀರೆಯ ಮೇಲೆ ಬಿದ್ದುಕೊಂಡು ಕೈ ಆಡಿಸುತ್ತಿದ್ದ. ಕೈ ತುಂಬಿಕೊಂಡಿತ್ತು, ಕೆನ್ನೆ ಬಂದಿತ್ತು. ಕಾಲಿಗೆ ಉಣ್ಣೆಯ ಚೀಲ.

"ಹೊಲಿಗಿ ಬಿಚ್ಚಿದಂಗ ಬಾಯಿ ಬಿಚ್ಚಿ ನಗ್ತಾನ ನೋಡ್ರೀ" ಎಂದಳು ರಾಚವ್ವ, ಮಗುವಿನಿಂದ ಎರಡು ಮಾರು ದೂರ ಕುಳಿತು. "ಸಕ್ರಿ ಚಾ ಕುಡೀತೀರೋ, ಬೆಲ್ಲದ್ದೋ? ಸವಿತಾ, ಒಲಿ ಹೊತ್ತಿಸು."

"ಚಹ ಬೇಡ ಅಮ್ಮ. ಒಂದು ವಿಷಯ ಹೇಳ್ಲಿಕ್ಕೆ ಬಂದೆ. ಮೊದಲು ಅದು ಕೇಳಿ." ಗುಣವತಿ ಚಾಪೆಯ ಮೇಲೆ ಮುಂದಕ್ಕೆ ಸರಿದಳು. "ಮಗುವಿನ ಕಾಲು ಹಾಗಾದದ್ದು ನಿಮ್ಮ ದಾರದಿಂದ ಅಲ್ಲ. ನಾನು ರಕ್ತ ತೆಗೀಲಿಕ್ಕೆ ರಬ್ಬರು ಕಟ್ಟಿದ್ದೆ. ತೆಗೀಲಿಕ್ಕೆ ಮರೆತೆ. ಐದು ಗಂಟೆ ಹೊತ್ತು ಹಾಗೇ ಇತ್ತು. ಡಾಕ್ಟರು ಕೇಳಿದಾಗ ದಾರ ಅಂತ ಸುಳ್ಳು ಹೇಳಿದೆ."

ಹೇಳಿ ಮುಗಿದಾಗ ಪಕ್ಕದ ಶೆಡ್ಡಿನ ಮೊಬೈಲಿನ ಹಾಡು ಕೇಳಿಸುತ್ತಿತ್ತು. ರಾಚವ್ವ ಅವಳನ್ನು ನೋಡಿ ತಲೆಯಾಡಿಸಿದಳು, ಚಿಕ್ಕವರ ಹಟಕ್ಕೆ ದೊಡ್ಡವರು ತಲೆಯಾಡಿಸುವ ಹಾಗೆ.

"ಹೇಳಾಕತ್ತಿದ್ಳು ಸವಿತಾ, ಅಕ್ಕಾರ ಭಾಳ ಚಲೋ ಮನಿಷಾರು ಅಂತ. ಹೌದ ನೋಡು. ಮುದುಕಿ ಕೊರಗಿ ಸತ್ತೀತು ಅಂತ ನನ್ನ ತಪ್ಪ ನಿಮ್ಮ ಮೈಮ್ಯಾಲ ಹಾಕ್ಕೊಳ್ಳಾಕ ಬಂದೀರಿ."

"ಅಲ್ಲ ಅಮ್ಮ. ನಿಜ ಹೇಳ್ತಾ ಇದ್ದೇನೆ."

"ಯವ್ವಾ, ಡಾಕ್ಟರ ಹೇಳ್ಯಾರ. ನೀವು ಕತ್ತರಿಸಿದ್ದು ನೋಡ್ಯಾರ. ಮೂರು ಗಂಟು ಹಾಕು, ಬಿಚ್ಚಬಾರ್ದು ಅಂತ ನಾನ ಹೇಳಿ ಕೊಟ್ಟೀನಿ. ನನಗ ಗೊತ್ತಿಲ್ಲೇನು? ನಿಮ್ಮ ಮಕ್ಳು ಮರಿ ತಣ್ಣಗಿರ್ಲಿ" ಎಂದು ಕೈ ಎತ್ತಿ ಹರಸಿದಳು.

ಬೈಗುಳಕ್ಕೆ, ಹೊಡೆತಕ್ಕೆ ಕೂಡ ಗುಣವತಿ ಸಿದ್ಧವಾಗಿ ಬಂದಿದ್ದಳು. ಆಶೀರ್ವಾದಕ್ಕೆ ಸಿದ್ಧವಾಗಿರಲಿಲ್ಲ. ಅವಳು ಸವಿತಾಳ ಕಡೆ ತಿರುಗಿದಳು. ಒಲೆಯ ಮುಂದೆ ಬೆನ್ನು ಮಾಡಿ ಕುಳಿತವಳ ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು, ಗೀರಿರಲಿಲ್ಲ.

"ಸವಿತಾ, ನೀನು ಹೇಳು. ಆ ದಿನ ದಾರ ಎಲ್ಲಿತ್ತು?"

"ಆಕಿನ್ನೇನು ಕೇಳ್ತೀರಿ? ಆಕಿಗೇನು ಗೊತ್ತು?" ಎಂದಳು ರಾಚವ್ವ.

ಸವಿತಾ ತಿರುಗದೆಯೇ ಮಾತಾಡಿದಳು. "ನನ್ನ ಕುಬಸದಾಗ ಇತ್ತು ಅತ್ತಿ. ಕಾಲಾಗ ಇರಲಿಲ್ಲ."

ಹಾಡು ನಿಂತು ಜಾಹೀರಾತು ಶುರುವಾಯಿತು.

"ಏನಂದಿ?"

"ಎರಡು ದಿನ ಮೊದಲ ಬಿಚ್ಚಿದ್ರು. ಅಕ್ಕಾರ ಹೇಳಿದ್ದು ಖರೇ ಐತಿ."

ರಾಚವ್ವನ ಮುಖದಲ್ಲಿ ಏನೋ ಸಡಿಲವಾಗುವುದನ್ನು ಗುಣವತಿ ನೋಡಿದಳು. ಬಂದದ್ದು ಸಾರ್ಥಕವಾಯಿತು ಎಂದುಕೊಂಡಳು, ಒಂದು ಉಸಿರಿನಷ್ಟು ಹೊತ್ತು.

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ?" ಸವಿತಾ ಈಗ ತಿರುಗಿದಳು. ಅತ್ತೆಯನ್ನಲ್ಲ, ಗುಣವತಿಯನ್ನು ನೋಡಿ ಹೇಳಿದಳು. "ಕೂಸು ಇವರ ಕೈಯಾಗಿತ್ತು. ಇನ್ನೂ ಎಷ್ಟು ಸೂಜಿ ಚುಚ್ಚೂದೈತೋ ಏನೋ. ಇವರ ಸುಳ್ಳ ಹೇಳ್ಯಾರ ಅಂತ ನಾ ಬಾಯಿ ಬಿಟ್ಟು, ಇವರು ಸಿಟ್ಟಿಗೆದ್ದು, ನನ್ನ ಕೂಸಿಗೆ ಸಕ್ರಿ ನೀರು ಹಾಕದ ಚುಚ್ಚಿದ್ರ? ಬಾಗಿಲದಾಗ ನಿಂತು ಎಲ್ಲಾರಿಗೂ ಕೈ ಮುಗಿದೀನಿ ಐವತ್ತು ದಿನ. ಕಸಾ ಹೊಡ್ಯಾಕಿಗೂ ಮುಗಿದೀನಿ."

ಆ ಮಾತು ಗುಣವತಿಗೆ ನಾಟಿತು. ಹಾಗೆ ಯಾರೂ ಮಾಡುವುದಿಲ್ಲ, ನಾವು ಹಾಗಲ್ಲ ಎನ್ನಲು ಹೋದಳು. ಸುಳ್ಳು ಹೇಳುವವಳಲ್ಲ ಎಂದೂ ಒಂದು ಕಾಲದಲ್ಲಿ ತನ್ನ ಬಗ್ಗೆ ಅಂದುಕೊಂಡಿದ್ದಳಲ್ಲ.

ರಾಚವ್ವ ಇವರಿಬ್ಬರ ಮಾತನ್ನು ಕೇಳುತ್ತಲೇ ಇರಲಿಲ್ಲ. ಬೆರಳು ಮಡಚಿ ಏನೋ ಎಣಿಸುತ್ತಿದ್ದಳು.

"ಎರಡು ದಿನ ಮೊದಲ ಬಿಚ್ಚಿದಿ."

"ಹೂಂ."

"ಬಿಚ್ಚಿದ ಎರಡು ದಿನಕ್ಕ ಕಾಲು ಕಪ್ಪಾತು."

"ಅತ್ತಿ..."

"ಬಿಚ್ಚಿದ್ದಕ್ಕ ಆತು!" ಮುದುಕಿ ಎದ್ದು ನಿಂತಳು. "ಕಟ್ಟಿದ್ದಕ್ಕಲ್ಲ, ಬಿಚ್ಚಿದ್ದಕ್ಕ! ಎಂಟು ತಿಂಗಳಾತು ನನ್ನ ಕೈ ನಾ ಶಪಿಸ್ತೀನಿ. ಉಂಡಿಲ್ಲ, ನಿದ್ದಿ ಮಾಡಿಲ್ಲ. ನನ್ನ ಮಗಾ ನನ್ನ ಮಾರಿ ನೋಡಿಲ್ಲ. ಕಾಯಾಕಂತ ಕಟ್ಟಿದ್ದನ್ನ ಬಿಚ್ಚಿ, ಕಾಲಾಗ ಐತಿ ಅಂತ ನನಗ ಸುಳ್ಳ ಹೇಳಿ, ಕುಬಸದಾಗ ಇಟ್ಕೊಂಡು ತಿರಗ್ಯಾಡಿದ್ಯಲ್ಲ, ಹೆತ್ತ ತಾಯಿ ಏನು ನೀನು?"

"ಅಮ್ಮ, ಅವಳದ್ದು ಎಂತ ತಪ್ಪುಂಟು? ದಾರ ಬಿಚ್ಚಿದ್ದೂ ನಾನೇ. ರಬ್ಬರು ಕಟ್ಟಿದ್ದೂ ನಾನೇ" ಎಂದು ಗುಣವತಿಯೂ ಎದ್ದಳು.

"ನೀವು ಬಿಚ್ಚಂತೀರಿ ಯವ್ವಾ, ನಿಮಗ ಅದು ಕೆಲಸ. ನಾಳಿಗೆ ಇನ್ನೊಂದು ಕೂಸಿಂದು ಬಿಚ್ಚತೀರಿ. ಆಕಿ ಹೂಂ ಅನಬೇಕಾಗಿತ್ತೇನು?"

"ಮರೆತದ್ದು ನಾನು. ಕೇಳಿ ನೀವು. ಮರೆತದ್ದು ನಾನು."

"ನೀವೇನು ಬೇಕಂತ ಮರತೀರೇನು? ಕಾಯೂ ದಾರ ಇಲ್ಲದಾಗ ಮರಿವು ಬಂತು ನಿಮಗ. ಇದ್ದಿದ್ರ ಬರತಿರಲಿಲ್ಲ." ರಾಚವ್ವನ ದನಿಯಲ್ಲಿ ಅವಳ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. "ಬರ್ಲಿ ಅವ, ಬರ್ಲಿ ಮಾನಪ್ಪ. ಹೇಳ್ತೀನಿ. ಯಾರು ಮಾಡಿದ್ದು ಅಂತ ಹೇಳ್ತೀನಿ."

ಆಸ್ಪತ್ರೆಯಲ್ಲಿ ಒಂದು ಸುಳ್ಳು ಹೇಳಿ ಮುದುಕಿಯ ತಲೆಗೆ ಕಟ್ಟಿದ್ದನ್ನು ಇಲ್ಲಿ ನಿಜ ಹೇಳಿ ಸೊಸೆಯ ತಲೆಗೆ ಕಟ್ಟಿದಂತಾಗಿತ್ತು. ಎರಡು ಸಲವೂ ಗುಣವತಿಯ ಮೈಗೆ ಏನೂ ತಾಗಿರಲಿಲ್ಲ. ಈ ಹೆಂಗಸರಿಗೆ ಒಬ್ಬರನ್ನೊಬ್ಬರು ಬೈಯಲು ಬರುತ್ತಿತ್ತು. ಬಿಳಿಯ ಬಟ್ಟೆ ತೊಟ್ಟವಳನ್ನು ಬೈಯಬಹುದು ಎಂಬುದೇ ಅವರಿಗೆ ಯಾರೂ ಕಲಿಸಿರಲಿಲ್ಲ. ಅವಳೂ ಕಲಿಸಿರಲಿಲ್ಲ. ಇಪ್ಪತ್ತೆಂಟು ವರ್ಷ ಆ ನಮಸ್ಕಾರಗಳನ್ನು ತನಗೆ ಸಲ್ಲಬೇಕಾದದ್ದೆಂದೇ ತೆಗೆದುಕೊಂಡಿದ್ದಳು.

ರಾಚವ್ವ ಹೊರಗಿನ ಡ್ರಮ್ಮಿನಿಂದ ನೀರು ಮೊಗೆದು ಮೊಣಕೈವರೆಗೆ ಕೈ ತೊಳೆದಳು. ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಬಂದು ಮೊಮ್ಮಗನ ಮುಂದೆ ಮಂಡಿಯೂರಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವನನ್ನು ಎತ್ತಿ ಮಡಿಲಿಗೆ ಹಾಕಿಕೊಂಡಾಗ ಅವಳ ಬಾಯಿಯಿಂದ ಮಾತಲ್ಲದ ಒಂದು ಸದ್ದು ಬಂತು. ಮಗು ಅವಳ ಮುಖವನ್ನು ಕುತೂಹಲದಿಂದ ನೋಡಿತು. "ನನ್ನ ರಾಜಾ, ನನ್ನ ಮುತ್ತಾ" ಎನ್ನುತ್ತಾ ಅವಳು ಕಾಲಿನ ಉಣ್ಣೆಯ ಚೀಲ ಎಳೆದು ಉಳಿದ ಎರಡು ಬೆರಳುಗಳನ್ನು ತುಟಿಗೆ ಒತ್ತಿಕೊಳ್ಳಲು ಪಾದ ಹಿಡಿದಳು.

ಮಗು ಬೆಚ್ಚಿ ಕಾಲು ಸೆಳೆದುಕೊಂಡು ಕಿಟಾರನೆ ಕಿರುಚಿತು.

ಗುಣವತಿಗೆ ಅದು ಹೊಸದಲ್ಲ. ಹುಟ್ಟಿದಂದಿನಿಂದ ಹಿಮ್ಮಡಿಗೆ ಚುಚ್ಚಿಸಿಕೊಂಡ ಮಕ್ಕಳೆಲ್ಲ ಹಾಗೆಯೇ. ಪಾದಕ್ಕೆ ಯಾರ ಕೈ ಬಂದರೂ ಅದರ ಹಿಂದೆ ಸೂಜಿ ಬರುತ್ತದೆ ಎಂದು ಮೈ ಕಲಿತುಬಿಟ್ಟಿರುತ್ತದೆ. ಮುದ್ದು ಮಾಡುವ ಕೈ ಯಾವುದು, ಚುಚ್ಚುವ ಕೈ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ರಾಚವ್ವನಿಗೆ ಇದು ತಿಳಿಯದು. ತನ್ನ ಕೈಯನ್ನೇ ಕಂಡು ಅತ್ತಿತೆಂದು ಅವಳ ಮುಖ ಸುಟ್ಟಂತಾಯಿತು.

"ಹಾಗೆ ಹಿಡೀಬಾರ್ದು ಅಮ್ಮ, ಕೊಡಿ" ಎಂದು ಗುಣವತಿ ಬಾಗಿದಳು. ಎರಡು ಕೈಗಳೂ ತಾವಾಗಿ ಮುಂದೆ ಹೋದವು, ಒಂದು ತಲೆಯ ಹಿಂದೆ, ಒಂದು ಮಡಚಿದ ಕಾಲುಗಳ ಕೆಳಗೆ, ಆ ಹೊತ್ತಿಗೆ ಹೇಗೆ ಹಿಡಿಯಬೇಕೋ ಹಾಗೆ.

ಸವಿತಾ ನಡುವೆ ಬಂದು ನಿಂತಳು.

"ನೀವು ಮುಟ್ಟಬ್ಯಾಡ್ರೀ" ಎಂದಳು.

ಗುಣವತಿ ಕೈ ಹಿಂದೆ ತೆಗೆದುಕೊಂಡಳು. ಆ ಮನೆಯಲ್ಲಿ ತನಗೆ ಸಲ್ಲಬೇಕಾದ ಮಾತನ್ನು ಆಡಿದವಳು ಸವಿತಾ ಒಬ್ಬಳೇ. ಮಗುವಿಗಾಗಿ ತಂದ ಅಂಗಿಯ ಪೊಟ್ಟಣವನ್ನು ಕೈಚೀಲದಿಂದ ತೆಗೆಯದೆ, ಚಪ್ಪಲಿ ಮೆಟ್ಟಿಕೊಂಡು, ಕಿರುಚುವ ಮಗು ಒಬ್ಬಳ ಮಡಿಲಿನಿಂದ ಇನ್ನೊಬ್ಬಳ ಮಡಿಲಿಗೆ ಹೋಗಿ ಸುಮ್ಮನಾಗುವುದನ್ನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಳು. ಮಾನಪ್ಪ ಬರುವವರೆಗೆ ಅಲ್ಲಿಯೇ ಕಾಯಬೇಕೋ, ಹೊರಡಬೇಕೋ ಎಂದು ಅವಳಿಗೆ ತಿಳಿಯಲಿಲ್ಲ. ಕಾದು ಹೇಳಿದರೂ, ಅವನು ತನ್ನ ಮೇಲಲ್ಲ, ಸವಿತಾಳ ಮೇಲೆಯೇ ತಿರುಗುತ್ತಾನೆ ಎಂಬುದು ಮಾತ್ರ ತಿಳಿದಿತ್ತು.